ಬೆಳಕು ಚುಚ್ಚುವ ಕಣ್ಣಿಗೆ ಬಣ್ಣದ ಕನ್ನಡಕ: ಒಳಗೆ ಯಾವುದು, ಹೊರಗೆ ಯಾವುದು?

“ಬೆಳಕು ಕಂಡರೆ ಕಣ್ಣು ಚುಚ್ಚುತ್ತದೆ. ಮನೆಯೊಳಗೂ ಹಾಕಿಕೊಳ್ಳುವಂಥ, ಚೆನ್ನಾಗಿ ಕಪ್ಪಗಿರುವ ಕೂಲಿಂಗ್ ಗ್ಲಾಸ್ ಕೊಡಿ.” ಶಿವಮೊಗ್ಗದಲ್ಲಿ ಕನ್ನಡಕದ ಕೌಂಟರಿನ ಹಿಂದೆ ನಿಂತವರಿಗೆ ಈ ಮಾತು ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರಿಗೆ ಸಂಜೆಯ ಬಸ್ ತಪ್ಪಬಾರದೆಂಬ ಆತುರ. ನಿಂತ ನಿಲುವಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವುದು ಆಗದ ಕೆಲಸ. ಹಾಗಾಗಿ ಬರೆದಿಡುತ್ತಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊರಗಿನ ಕನ್ನಡಕ ಬೇರೆ, ಒಳಗಿನ ಕನ್ನಡಕ ಬೇರೆ. ಹೊರಗಿನ ಕಪ್ಪು ಗ್ಲಾಸನ್ನು ಮನೆಯೊಳಗೆ ಹಾಕಿಕೊಂಡು ಕೂತರೆ ತೊಂದರೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಇದರ ಲೆಕ್ಕ ಸುಲಭ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬೇಸಿಗೆಯ ನಡುಹಗಲಿನ ಬಯಲಿನಲ್ಲಿ ಅದು 1,00,000 ಲಕ್ಸ್‌ವರೆಗೆ ಹೋಗುತ್ತದೆ. ಮೋಡ ಕವಿದ ಹಗಲಿನಲ್ಲಿ 10,000ದ ಆಸುಪಾಸು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಾಮಾನ್ಯವಾಗಿ 100ರಿಂದ 300 ಅಷ್ಟೇ. ನೂರಕ್ಕೆ 15 ಪಾಲು ಬೆಳಕನ್ನು ಮಾತ್ರ ಒಳಗೆ ಬಿಡುವ ಕಪ್ಪು ಗ್ಲಾಸ್ ಹಾಕಿಕೊಂಡರೆ ಅಂಗಳದಲ್ಲಿ ನಿಮ್ಮ ಕಣ್ಣಿಗೆ 15,000 ಲಕ್ಸ್ ಸಿಗುತ್ತದೆ, ಅದು ಧಾರಾಳ. ಅದೇ ಗ್ಲಾಸಿನಲ್ಲಿ 200 ಲಕ್ಸ್‌ನ ನಡುಮನೆಗೆ ಬಂದರೆ ಉಳಿಯುವುದು 30. ಕಣ್ಣು ಅದನ್ನು ಮುಸ್ಸಂಜೆ ಎಂದೇ ತಿಳಿಯುತ್ತದೆ. ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ಕತ್ತಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಕನ್ನಡಕ ತೆಗೆದರೆ ಮೊದಲು ಸಹಿಸುತ್ತಿದ್ದ ಬೆಳಕೂ ಚುಚ್ಚುತ್ತದೆ. ವಾರಗಟ್ಟಲೆ ಹೀಗೇ ಮಾಡಿದವರು “ಈಗ ಬಲ್ಬೂ ಆಗುವುದಿಲ್ಲ, ಇನ್ನೂ ಕಪ್ಪು ಬೇಕು” ಎಂದು ಮರಳಿ ಬರುತ್ತಾರೆ.

1. ಕಾರಣ ತಿಳಿಯದೆ ಕನ್ನಡಕಕ್ಕೆ ಕೈ ಹಾಕಬೇಡಿ

ಬೆಳಕು ತಡೆಯದಿರುವುದು ತಾನೇ ಒಂದು ಕಾಯಿಲೆಯಲ್ಲ, ಬೇರೊಂದರ ಲಕ್ಷಣ. ಕಣ್ಣಿನ ಪಸೆ ಆರುವುದು, ಮೈಗ್ರೇನ್ ಅಂದರೆ ಅರೆತಲೆನೋವು, ತಲೆಗೆ ಬಿದ್ದ ಪೆಟ್ಟು, ಪೊರೆ ಬೆಳೆಯುತ್ತಿರುವುದು, ಕಣ್ಣಿನೊಳಗಿನ ಉರಿಯೂತ, ಹುಟ್ಟಿನಿಂದ ಬಂದ ತೊನ್ನಿನಂಥ ಬಿಳಿಚುತನ (ಆಲ್ಬಿನಿಸಂ), ಹೀಗೆ ಕಾರಣಗಳು ಹಲವು. ಪಸೆ ಆರಿದ ಕಣ್ಣಿಗೆ ಬೇಕಾದದ್ದು ಹನಿ ಔಷಧ; ಅಂಥವರು ದುಬಾರಿ ಟಿಂಟ್, ಅಂದರೆ ಗ್ಲಾಸಿಗೆ ಬಣ್ಣ, ಮಾಡಿಸಿಕೊಂಡು ಹೋದರೆ ಅಂಗಡಿಗೆ ಲಾಭ, ಕಣ್ಣಿಗೆ ಏನೂ ಇಲ್ಲ.

ಕೆಳಗಿನ ಯಾವುದಿದ್ದರೂ ಕನ್ನಡಕದ ಅಂಗಡಿಗೆ ಬರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ:

ಕಣ್ಣು ಕೆಂಪಾಗಿ ನೋವಿದ್ದರೆ, ಅದರಲ್ಲೂ ಒಂದೇ ಕಣ್ಣಿಗೆ ಬಂದಿದ್ದರೆ ಅಥವಾ ನೋಟ ಮಂಜಾಗಿದ್ದರೆ. ದೀಪದ ಸುತ್ತ ಬಣ್ಣದ ಬಳೆ ಕಂಡು ವಾಂತಿ, ತಲೆನೋವು ಇದ್ದರೆ. ಜ್ವರದ ಜೊತೆ ಕುತ್ತಿಗೆ ಬಗ್ಗಿಸಲಾಗದಿದ್ದರೆ.

ಭತ್ತದ ಗರಿ, ಅಡಿಕೆ ಸಿಪ್ಪೆ, ಕಡ್ಡಿ ತಗುಲಿದ ಮೇಲೆ ಬೆಳಕು ಆಗದಿದ್ದರೆ. ಗಿಡದ ಚೂರಿನಿಂದಾದ ಗಾಯದಲ್ಲಿ ಶಿಲೀಂಧ್ರದ ಹುಣ್ಣು ಬೆಳೆಯುವುದುಂಟು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಹನಿ ಅದನ್ನು ಇನ್ನಷ್ಟು ಕೆರಳಿಸುತ್ತದೆ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಜೇನುತುಪ್ಪ ಯಾವುದನ್ನೂ ಕಣ್ಣಿಗೆ ಹಾಕಬೇಡಿ.

ಎಲೆಅಡಿಕೆಯ ಸುಣ್ಣವೋ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೋ ಕಣ್ಣಿಗೆ ಸಿಡಿದಿದ್ದರೆ. ಸುಣ್ಣ ಕ್ಷಾರ, ಅದು ಕಣ್ಣಿನ ಒಳಕ್ಕೆ ಇಳಿಯುತ್ತ ಹೋಗುತ್ತದೆ. ರೆಪ್ಪೆ ಬಿಡಿಸಿ, ಶುದ್ಧ ನೀರನ್ನು ಕನಿಷ್ಠ 15ರಿಂದ 30 ನಿಮಿಷ ಬಿಡದೆ ಸುರಿದು, ಆಮೇಲೆ ಗಾಡಿ ಹತ್ತಿ.

ಎಳೆಗೂಸು ಬೆಳಕಿಗೆ ಕಣ್ಣು ಮುಚ್ಚಿಕೊಂಡು, ನೀರು ಸುರಿಸುತ್ತ, ಕಪ್ಪುಗುಡ್ಡೆ ದೊಡ್ಡದಾಗಿ ಅಥವಾ ಮಬ್ಬಾಗಿ ಕಾಣುತ್ತಿದ್ದರೆ. ಇದು ಹುಟ್ಟಿನಿಂದಲೇ ಬರುವ ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡದ ಕಾಯಿಲೆ ಆಗಿರಬಹುದು.

ನಮ್ಮ ಸೀಮೆಯ ಎರಡು ಜ್ವರಗಳನ್ನು ಇಲ್ಲಿ ಹೆಸರಿಸಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಲ್ಲಿ ಜ್ವರ, ತಲೆನೋವಿನ ಜೊತೆ ಕಣ್ಣು ಕೆಂಪಾಗುವುದು, ಬೆಳಕು ಆಗದಿರುವುದು ಕಾಣಿಸಿಕೊಳ್ಳುತ್ತದೆ. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗಿನ ತಿಂಗಳುಗಳಲ್ಲಿ ಕಟ್ಟಿಗೆಗೋ ದರಕು (ಒಣಗಿ ಬಿದ್ದ ಎಲೆ) ಗುಡಿಸಲೋ ಕಾಡಿಗೆ ಹೋಗಿಬಂದವರು ಇದನ್ನು ವೈದ್ಯರಿಗೆ ಹೇಳಬೇಕು. ಇನ್ನೊಂದು ಇಲಿ ಜ್ವರ. ಅದು ವಾಸಿಯಾಗಿ ತಿಂಗಳುಗಳು ಕಳೆದ ಮೇಲೂ ಕಣ್ಣಿನೊಳಗೆ ಉರಿಯೂತ ಬರಬಹುದು. ವೈದ್ಯರು ಅದನ್ನು ಯುವಿಯೈಟಿಸ್ ಎನ್ನುತ್ತಾರೆ. “ಹೋದ ಮಳೆಗಾಲದಲ್ಲಿ ಇಲಿ ಜ್ವರ ಬಂದಿತ್ತು” ಎಂಬ ಒಂದು ಮಾತು ಪರೀಕ್ಷೆಯ ದಿಕ್ಕನ್ನೇ ಬದಲಿಸಬಲ್ಲದು.

ತಾಲೂಕು ಆಸ್ಪತ್ರೆಯಾಗಲಿ, ಮೆಗ್ಗಾನ್ ಆಸ್ಪತ್ರೆಯಾಗಲಿ, ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆಯಾಗಲಿ, ನಿಮಗೆ ಹತ್ತಿರವಾದದ್ದಕ್ಕೆ ಹೋಗಿ. ಆದರೆ ಒಂದು ಎಚ್ಚರಿಕೆ. ಅಲ್ಲಿ ಪಾಪೆ ಹಿಗ್ಗಿಸುವ ಹನಿ ಬಿಡುತ್ತಾರೆ, ಅದರ ಪ್ರಭಾವ ಹಲವು ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಯಾವ ಬೆಳಕೂ ಕುಕ್ಕುತ್ತದೆ, ಯಾವ ಕಪ್ಪೂ ಹಿತವೆನಿಸುತ್ತದೆ. ಊರಿನಿಂದ ಬಂದವರು ಒಂದೇ ದಿನದಲ್ಲಿ ಎರಡೂ ಕೆಲಸ ಮುಗಿಸಲು ಹನಿ ಬಿಟ್ಟ ಕಣ್ಣಿನಲ್ಲೇ ಅಂಗಡಿಗೆ ಬಂದು ಬಣ್ಣ ಆರಿಸುತ್ತಾರೆ; ವಾರ ಕಳೆದು ಕನ್ನಡಕ ಕೈಗೆ ಬಂದಾಗ “ಇಷ್ಟು ಕಪ್ಪು ನಾನು ಕೇಳಲಿಲ್ಲ” ಎನ್ನುತ್ತಾರೆ. ಬಣ್ಣದ ಆಯ್ಕೆಗೆ ಬೇರೆ ದಿನ ಬನ್ನಿ. ಆಗದಿದ್ದರೆ ಆಸ್ಪತ್ರೆಗೆ ಹೋಗುವ ಮುನ್ನವೇ ಬಣ್ಣ ನೋಡಿ ಗುರುತು ಹಾಕಿಸಿ, ಪವರ್ ಚೀಟಿಯನ್ನು ಆಮೇಲೆ ಕೊಡಿ. ಹನಿ ಬಿಟ್ಟ ದಿನ ಬೈಕ್ ಓಡಿಸಲೂ ಬೇಡಿ.

2. ಯಾವ ಬೆಳಕು, ಯಾವ ಹೊತ್ತು: ಬರೆದುಕೊಳ್ಳಿ

ಒಂದು ವಾರ ಸಾಕು. ಕಣ್ಣು ಚುಚ್ಚಿದಾಗಲೆಲ್ಲ ಎಲ್ಲಿದ್ದಿರಿ, ಬೆಳಕು ಮೇಲಿನಿಂದ ಬಂತೇ, ಕೆಳಗಿನಿಂದ ಬಂತೇ, ಪಕ್ಕದಿಂದಲೇ, ಆಗ ತಲೆನೋವಿತ್ತೇ ಎಂಬುದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿಕೊಳ್ಳಿ. ಅಡಿಕೆಯ ಕೊನೆ (ಗೊನೆ) ಕೊಯ್ಲಿನಲ್ಲಿ ದಿನವಿಡೀ ತಲೆಯೆತ್ತಿ ನೋಡುವವರಿಗೆ ಬೆಳಕು ಮೇಲಿನಿಂದ ಬರುತ್ತದೆ. ನೀರು ನಿಂತ ಗದ್ದೆಯಲ್ಲಿ ನಾಟಿ ಮಾಡುವವರಿಗೂ ಅಂಗಳದಲ್ಲಿ ಅಡಿಕೆ ಹರಡುವವರಿಗೂ ಕೆಳಗಿನಿಂದ. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರಿಗೆ ಸೂರಿನ ಟ್ಯೂಬ್‌ಲೈಟೂ ಎದುರಿನ ಪರದೆಯೂ ಒಟ್ಟಿಗೆ. ಇವರೆಲ್ಲರಿಗೂ ಒಂದೇ ಕನ್ನಡಕ ಕೊಡುವ ಅಂಗಡಿಯವನು ನಿಮ್ಮ ಮಾತು ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

3. ಗ್ಲಾಸಿಗೆ ಮೊದಲು ಮನೆಯ ಬೆಳಕು

ಇದಕ್ಕೆ ಹೆಚ್ಚು ಖರ್ಚಿಲ್ಲ. ಆದ್ದರಿಂದಲೇ ಇದನ್ನು ಯಾರೂ ಮಾಡುವುದಿಲ್ಲ.

ಚೋಕ್, ಸ್ಟಾರ್ಟರ್ ಇರುವ ಹಳೆಯ ಪಟ್ಟಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಏಕೆಂದರೆ ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಒಂದೊಂದು ಆವರ್ತಕ್ಕೆ ಎರಡು ಮಿನುಗು. ಕಣ್ಣಿಗೆ ಅದು ಕಾಣುವುದಿಲ್ಲ. ಮೈಗ್ರೇನ್ ಇರುವವರ ಮಿದುಳಿಗೆ ಮಾತ್ರ ತಟ್ಟಬಹುದು. ಅಗ್ಗದ ಕೆಲವು ಎಲ್‌ಇಡಿ ಬಲ್ಬುಗಳೂ ಹೀಗೇ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಇಟ್ಟು ಬಲ್ಬಿನತ್ತ ಹಿಡಿಯಿರಿ. ಬೆಳಕು ಪಟಪಟ ಹೊಡೆದುಕೊಂಡರೆ ಅಥವಾ ಪಟ್ಟೆಗಳು ಸರಿದಾಡಿದರೆ ಆ ಬಲ್ಬ್ ಬದಲಿಸಿ. ವೋಲ್ಟೇಜ್ ಇಳಿಯುವ ಸಂಜೆಯ ಹೊತ್ತಿನಲ್ಲೊಮ್ಮೆ, ಕರೆಂಟು ಹೋಗಿ ಇನ್ವರ್ಟರ್ ಓಡುವಾಗಲೊಮ್ಮೆ ಮತ್ತೆ ನೋಡಿ.

ಹಳೆಯ ಮನೆಗಳಲ್ಲಿ ತೊಂದರೆ ಬೆಳಕು ಹೆಚ್ಚಾಗಿರುವುದಲ್ಲ, ಕತ್ತಲೆಯ ಪಕ್ಕದಲ್ಲೇ ಬೆಳಕಿರುವುದು. ಕತ್ತಲೆಯ ಅಡುಗೆಮನೆಯಲ್ಲಿ ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಕೋಲು ನೇರ ಸ್ಟೀಲ್ ಪಾತ್ರೆಯ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಹೆಂಚಿನ ಕೆಳಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದರೆ ಅದೇ ಬೆಳಕು ಕೋಣೆ ತುಂಬ ಹರಡಿ ಸೌಮ್ಯವಾಗುತ್ತದೆ. ಕಂಪ್ಯೂಟರನ್ನು ಕಿಟಕಿಗೆ ಎದುರಾಗಿಯೂ ಬೆನ್ನಾಗಿಯೂ ಇಡದೆ ಅಡ್ಡಲಾಗಿ ಇಡಿ. ಎಷ್ಟೋ ಜನರಿಗೆ ಇಷ್ಟರಲ್ಲೇ ಒಳಗಿನ ಕನ್ನಡಕದ ಅಗತ್ಯ ಮುಗಿಯುತ್ತದೆ.

4. ಹೊರಗಿನ ಕನ್ನಡಕ

ಇಲ್ಲಿ ನೋಡಬೇಕಾದದ್ದು ನಾಲ್ಕು: ಅತಿನೇರಳೆ ಕಿರಣದ ತಡೆ, ಕಪ್ಪಿನ ಮಟ್ಟ, ಬಣ್ಣ, ಫ್ರೇಮಿನ ಆಕಾರ. ನಮ್ಮಲ್ಲಿ ಹೆಚ್ಚಿನವರು ನೋಡುವುದು ಫ್ರೇಮಿನ ಕಂಪನಿಯ ಹೆಸರು.

ಅತಿನೇರಳೆ ತಡೆಗೂ ಕಪ್ಪಿಗೂ ಸಂಬಂಧವಿಲ್ಲ. “ಯುವಿ 400” ಎಂದರೆ 400 ನ್ಯಾನೋಮೀಟರ್‌ವರೆಗಿನ (ಬೆಳಕಿನ ತರಂಗದ ಉದ್ದವನ್ನು ಹೇಳುವ ಅಳತೆ ಇದು), ಕಣ್ಣಿಗೆ ಕಾಣದ ಹಾನಿಕಾರಕ ಕಿರಣಗಳನ್ನು ತಡೆಯುತ್ತದೆ ಎಂದರ್ಥ. ಪೂರ್ತಿ ಬಿಳಿ ಗ್ಲಾಸಿಗೂ ಈ ಗುಣ ಇರಬಹುದು. ಜಾತ್ರೆಯಲ್ಲಿ ಕೊಂಡ ಕಡುಗಪ್ಪಿಗೆ ಇಲ್ಲದಿರಬಹುದು. ತಡೆಯಿಲ್ಲದ ಕಪ್ಪು ಬರಿಗಣ್ಣಿಗಿಂತ ಕೆಟ್ಟದ್ದಾಗಬಹುದು: ಕತ್ತಲೆಂದು ಪಾಪೆ ತೆರೆದುಕೊಳ್ಳುತ್ತದೆ, ತೆರೆದ ಬಾಗಿಲಿನಿಂದ ಕಿರಣಗಳು ನುಗ್ಗುತ್ತವೆ. ಪಾಲಿಕಾರ್ಬೊನೇಟ್ ಗ್ಲಾಸಿನಲ್ಲಿ ಈ ತಡೆ ಹುಟ್ಟಿನಿಂದಲೇ ಇರುತ್ತದೆ, ಜೊತೆಗೆ ಚೂರು ಸಿಡಿದರೆ ಸುಲಭಕ್ಕೆ ಒಡೆಯುವುದಿಲ್ಲ. ಮಾಮೂಲಿ ಪ್ಲಾಸ್ಟಿಕ್ ಗ್ಲಾಸಿಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಆದರೆ ಯುವಿ ತಡೆಯನ್ನು ಪ್ರತ್ಯೇಕವಾಗಿ ಕೇಳಿ ಹಾಕಿಸಬೇಕು. ಮಳೆಗಾಲದಲ್ಲಿ ಇದೆಲ್ಲ ಬೇಡವೆಂದುಕೊಳ್ಳಬೇಡಿ; ತೆಳುಮೋಡದ ದಿನ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ 80ರಷ್ಟು ಕೆಳಗಿಳಿದು ಬರಬಹುದು.

ಕಪ್ಪಿನ ಮಟ್ಟಕ್ಕೆ ಅಂತರರಾಷ್ಟ್ರೀಯವಾಗಿ 0ಯಿಂದ 4ರವರೆಗೆ ದರ್ಜೆಗಳಿವೆ. ಫ್ರೇಮಿನ ಕಡ್ಡಿಯ ಒಳಮೈಯಲ್ಲಿ ಅಚ್ಚಾಗಿರುತ್ತದೆ. ದರ್ಜೆ 0 ನೂರಕ್ಕೆ 80ಕ್ಕಿಂತ ಹೆಚ್ಚು ಬೆಳಕು ಬಿಡುತ್ತದೆ, 1 ಎಂದರೆ 43ರಿಂದ 80, 2 ಎಂದರೆ 18ರಿಂದ 43, 3 ಎಂದರೆ 8ರಿಂದ 18, 4 ಎಂದರೆ 3ರಿಂದ 8. ಕೊನೆಯದು ಹಿಮದ ಬೆಟ್ಟಕ್ಕೆ ಹೋಗುವವರಿಗೆ. ಅದನ್ನು ಹಾಕಿಕೊಂಡು ಯಾವ ವಾಹನವನ್ನೂ ಓಡಿಸುವಂತಿಲ್ಲ. ಶಿವಮೊಗ್ಗ, ಶಿಕಾರಿಪುರ, ಭದ್ರಾವತಿಯ ಬಯಲು ಬೇಸಿಗೆಗೆ 3 ಸರಿ. ಆಗುಂಬೆ, ಹೊಸನಗರದಂಥ ಕಡೆ ವರ್ಷದ ಬಹುಪಾಲು ಮೋಡ ಮತ್ತು ಮರದ ನೆರಳು. ಅಲ್ಲಿ 2 ಸಾಕು. ಅನುಮಾನವಿದ್ದರೆ ಒಂದು ದರ್ಜೆ ಕಡಿಮೆಯದನ್ನೇ ತೆಗೆದುಕೊಂಡು ಮೇಲೊಂದು ಟೊಪ್ಪಿ ಹಾಕಿ. ಅಡಿಕೆ ಹಾಳೆಯ ಟೊಪ್ಪಿಗೆ ಅಂಚಿಲ್ಲ. ಅದು ತಲೆಗೆ ತಂಪು, ಕಣ್ಣಿಗೆ ನೆರಳಲ್ಲ. ಸುತ್ತ ಅಂಚಿರುವ ಬಟ್ಟೆಯ ಟೊಪ್ಪಿ ಬೇಕು.

ಒಂದು ಮೋಸದ ಜಾಗ: ಕೆಲವರು “80% ಟಿಂಟ್” ಎಂದರೆ 80 ಪಾಲು ತಡೆಯುವುದು ಎನ್ನುತ್ತಾರೆ, ಕೆಲವರು 80 ಪಾಲು ಬಿಡುವುದು ಎನ್ನುತ್ತಾರೆ. “ಎಷ್ಟು ಬೆಳಕು ಒಳಗೆ ಬರುತ್ತದೆ?” ಎಂದೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ.

ಬಣ್ಣದಲ್ಲಿ ಬೂದು ಎಲ್ಲ ಬಣ್ಣಗಳನ್ನೂ ಸಮವಾಗಿ ಕುಗ್ಗಿಸುತ್ತದೆ, ಆದ್ದರಿಂದ ನೋಟ ಸಹಜ. ಕಂದು ಬಣ್ಣ ನೀಲಿಯನ್ನು ಹೆಚ್ಚು ತಡೆದು ಅಂಚುಗಳನ್ನು ಎದ್ದು ಕಾಣಿಸುತ್ತದೆ; ಮೋಡದ ದಿನಕ್ಕೆ, ತೋಟದ ನೆರಳಿಗೆ ನನ್ನ ಮತ ಕಂದಿಗೆ. ಕಡು ನೀಲಿ, ನೇರಳೆ ಬಣ್ಣಗಳು ಫೋಟೊಗೆ ಚೆಂದ, ಅಷ್ಟೇ. ಅಡಿಕೆ ವ್ಯವಹಾರದವರಿಗೆ ವಿಶೇಷ ಸೂಚನೆ: ರಾಶಿ, ಬೆಟ್ಟೆ, ಸರಕು, ಗೊರಬಲು ಬೇರ್ಪಡಿಸುವಾಗ, ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸದ) ಬಣ್ಣ ನೋಡುವಾಗ ಕಂದು ಅಥವಾ ಗುಲಾಬಿ ಗ್ಲಾಸ್ ಹಾಕಬೇಡಿ. ಎಲ್ಲ ಅಡಿಕೆಯೂ ಒಳ್ಳೆಯ ಕೆಂಪಾಗಿಯೇ ಕಾಣುತ್ತದೆ, ಮಂಡಿಯಲ್ಲಿ ದರ ಕೇಳಿದಾಗ ಮಾತ್ರ ನಿಜ ಬಣ್ಣ ತಿಳಿಯುತ್ತದೆ.

ಪೋಲರಾಯ್ಡ್ ಅಥವಾ ಪೋಲರೈಸ್ಡ್ ಗ್ಲಾಸ್ ಬೇಕೇ ಎಂಬುದು ಮುಂದಿನ ಪ್ರಶ್ನೆ. ನೀರು, ಒದ್ದೆ ಡಾಂಬರು, ಕಾರಿನ ಬಾನೆಟ್ಟುಗಳಂಥ ಮಟ್ಟಸ ಮೈಗೆ ಬಡಿದು ಹೊರಳಿ ಬರುವ ಝಳಪನ್ನು ಅದು ನಿರ್ದಿಷ್ಟವಾಗಿ ತಡೆಯುತ್ತದೆ. ಲಿಂಗನಮಕ್ಕಿ ಹಿನ್ನೀರಿನ ದಂಡೆಯವರಿಗೆ, ಗದ್ದೆಯವರಿಗೆ, ಮಳೆ ನಿಂತು ಬಿಸಿಲು ಬಂದ ರಸ್ತೆಯಲ್ಲಿ ಓಡಾಡುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಬೆಳಕು ಮೇಲಿನಿಂದ ನೇರವಾಗಿ ಬರುವವರಿಗೆ ಅಷ್ಟು ಪ್ರಯೋಜನವಿಲ್ಲ. ಮೊಬೈಲ್, ಬೈಕಿನ ಡಿಜಿಟಲ್ ಮೀಟರ್ ಕೆಲವು ಕೋನಗಳಲ್ಲಿ ಕಪ್ಪಾಗುತ್ತವೆ, ಅದು ದೋಷವಲ್ಲ. ನಿಜವಾದ ಪೋಲರೈಸ್ಡ್ ಹೌದೋ ಅಲ್ಲವೋ ತಿಳಿಯಲು ಅಂಥ ಎರಡು ಗ್ಲಾಸನ್ನು ಒಂದರ ಮೇಲೊಂದು ಹಿಡಿದು ಒಂದನ್ನು ಕಾಲು ಸುತ್ತು ತಿರುಗಿಸಿ. ಪೂರ್ತಿ ಕತ್ತಲಾದರೆ ಅಸಲಿ.

ಫ್ರೇಮಿನ ವಿಷಯ ಚಿಕ್ಕದು. ಎಷ್ಟೇ ಒಳ್ಳೆಯ ಗ್ಲಾಸಾದರೂ ಪಕ್ಕದಿಂದ, ಹುಬ್ಬಿನ ಮೇಲಿನಿಂದ ಬೆಳಕು ನುಗ್ಗಿದರೆ ದಂಡ. ಅಗಲ ಕಡ್ಡಿ, ಮುಖಕ್ಕೆ ಹತ್ತಿರ ಕೂರುವ ಆಕಾರ ಆರಿಸಿ. ಪವರ್ ಹೆಚ್ಚಿರುವವರಿಗೆ ತುಂಬ ಬಾಗಿದ ಫ್ರೇಮಿನಲ್ಲಿ ನೋಟ ವಕ್ರವಾಗುತ್ತದೆ. ಅವರು ಮಾಮೂಲಿ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಹೊರಕವಚದ ಕನ್ನಡಕ ತೆಗೆದುಕೊಳ್ಳಬಹುದು. ಪೊರೆ ಶಸ್ತ್ರಚಿಕಿತ್ಸೆಯಾದವರಿಗೆ ಕೊಡುವುದೂ ಇದೇ ಬಗೆಯದು. ಗ್ಲಾಸಿನ ಹಿಂಬದಿಗೆ ಪ್ರತಿಫಲನ ತಡೆಯುವ ಕೋಟಿಂಗ್ ಹಾಕಿಸಿ, ಇಲ್ಲವಾದರೆ ಬೆನ್ನಹಿಂದಿನ ಬಿಸಿಲು ಗ್ಲಾಸಿನ ಒಳಮೈಗೆ ಬಡಿದು ಕಣ್ಣಿಗೇ ಬರುತ್ತದೆ.

5. ಒಳಗಿನ ಕನ್ನಡಕ

ಒಳಗೆ ನಿಯಮ ಒಂದೇ: ಅರ್ಧಕ್ಕಿಂತ ಹೆಚ್ಚು ಬೆಳಕು ಒಳಗೆ ಬರಬೇಕು. ಎದುರು ಕೂತವರಿಗೆ ನಿಮ್ಮ ಕಣ್ಣು ಸ್ಪಷ್ಟವಾಗಿ ಕಾಣುತ್ತಿರಬೇಕು. ಇಲ್ಲಿ ಕೆಲಸ ಮಾಡುವುದು ಕಪ್ಪಲ್ಲ, ಬಣ್ಣ.

ಮೈಗ್ರೇನ್ ಇರುವವರಿಗೆ ಹೆಚ್ಚು ಪರೀಕ್ಷೆಗೊಳಪಟ್ಟಿರುವ ಬಣ್ಣ ಎಫ್‌ಎಲ್-41 ಎಂಬ ತೆಳು ಗುಲಾಬಿ. ಟ್ಯೂಬ್‌ಲೈಟ್ ಆಗದವರಿಗಾಗಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಬಣ್ಣ ಇದು. ನೀಲಿ ಮತ್ತು ಹಸಿರಿನ ನಡುವಿನ, ಸುಮಾರು 480ರಿಂದ 520 ನ್ಯಾನೋಮೀಟರಿನ ಬೆಳಕನ್ನು ಹೆಚ್ಚಾಗಿ ತಡೆಯುತ್ತದೆ. ಅಕ್ಷಿಪಟಲದಲ್ಲಿ ನೋಟಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಮಾಣವನ್ನು ಮಿದುಳಿಗೆ ತಿಳಿಸುವ ಕೆಲವು ಜೀವಕೋಶಗಳಿವೆ; ಅವು ಅತಿ ಹೆಚ್ಚು ಸ್ಪಂದಿಸುವುದು 480ರ ಆಸುಪಾಸಿನ ಬೆಳಕಿಗೆ. 1991ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಮೈಗ್ರೇನ್ ಇದ್ದ ಮಕ್ಕಳು ನಾಲ್ಕು ತಿಂಗಳು ಈ ಗುಲಾಬಿ ಗ್ಲಾಸ್ ಹಾಕಿಕೊಂಡಾಗ ತಿಂಗಳಿಗೆ 6.2ರಷ್ಟಿದ್ದ ನೋವಿನ ಸರದಿ 1.6ಕ್ಕೆ ಇಳಿಯಿತು. ಅದು ಚಿಕ್ಕ ಅಧ್ಯಯನ, ಎಲ್ಲರಿಗೂ ಅಷ್ಟೇ ಫಲ ಸಿಗುತ್ತದೆಂದು ಎಣಿಸಬೇಡಿ. ಪ್ರಯತ್ನಿಸಲು ಮಾತ್ರ ಸಕಾರಣವಿದೆ.

ಇಲ್ಲಿನ ಗುಂಡಿ ಯಾವುದೆಂದರೆ, ಬಣ್ಣದ ನೀರಿನಲ್ಲಿ ಅದ್ದಿ ತೆಗೆದ ಯಾವ ಗುಲಾಬಿಯೂ ಎಫ್‌ಎಲ್-41ರಂತೆಯೇ ಕಾಣಬಹುದು. ಯಾವ ತರಂಗದ ಬೆಳಕು ಎಷ್ಟು ತಡೆಯುತ್ತದೆ ಎಂಬುದು ಕಣ್ಣಳತೆಗೆ ಸಿಗುವುದಲ್ಲ. ಲ್ಯಾಬಿನಿಂದ ಬಂದ ಬೆಳಕಿನ ನಕ್ಷೆ, ಅಂದರೆ ಯಾವ ಬಣ್ಣ ಎಷ್ಟು ಹಾಯುತ್ತದೆಂದು ತೋರಿಸುವ ಗೀರುಚಿತ್ರವನ್ನು ಕೇಳಿ. 480ರ ಬಳಿ ಗೆರೆ ಕೆಳಗೆ ಬಿದ್ದಿರಬೇಕು. ನಕ್ಷೆ ಇಲ್ಲವೆಂದರೆ ಗುಲಾಬಿಗೆ ಮಾಮೂಲಿ ಟಿಂಟಿನ ಹಣವನ್ನಷ್ಟೇ ಕೊಡಿ.

“ಬ್ಲೂ ಕಟ್ ಹಾಕಿಸಿಕೊಳ್ಳಿ, ಅದೇ ಇದು” ಎನ್ನುವವರಿದ್ದಾರೆ. ಪರದೆಯ ನೀಲಿ ಬೆಳಕು ತಡೆಯುತ್ತದೆಂದು ಮಾರುವ ಗ್ಲಾಸ್ ಅದು, ಎಫ್‌ಎಲ್-41 ಅಲ್ಲ. ಅಂಗಡಿಯಲ್ಲಿ ನೇರಳೆ ಬೆಳಕಿನ ಪುಟ್ಟ ಟಾರ್ಚನ್ನು ಗ್ಲಾಸಿನ ಮೂಲಕ ಕಾರ್ಡಿನ ಮೇಲೆ ಬಿಟ್ಟು, “ನೋಡಿ, ಹಾಯಲೇ ಇಲ್ಲ” ಎಂದು ತೋರಿಸುತ್ತಾರೆ. ಆ ಟಾರ್ಚಿನ ಬೆಳಕು 405 ನ್ಯಾನೋಮೀಟರಿನ ಆಸುಪಾಸಿನದು. ನಿಮಗೆ ತೊಂದರೆ ಕೊಡುತ್ತಿರುವ 480ರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಟಾರ್ಚನ್ನು ಕಣ್ಣಿನತ್ತ ತಿರುಗಿಸಲು ಮಾತ್ರ ಬಿಡಬೇಡಿ. 2023ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಪರದೆಯ ಮುಂದಿನ ಕಣ್ಣಿನ ಆಯಾಸಕ್ಕೆ ಬ್ಲೂ ಕಟ್ ಗ್ಲಾಸಿನಿಂದ ಅಲ್ಪಾವಧಿಯಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಟ್ಯೂಬ್‌ಲೈಟ್ ಮೇಲಿನಿಂದ ಹೊಡೆಯುವ ಕಚೇರಿಯವರಿಗೆ ಮೇಲೆ ಗಾಢ, ಕೆಳಗೆ ತಿಳಿಯಾಗುತ್ತ ಬರುವ ಗ್ರೇಡಿಯೆಂಟ್ ಟಿಂಟ್ ಒಳ್ಳೆಯದು. ಕಡತ ಓದಲು ಅಡ್ಡಿಯಿಲ್ಲ, ಸೂರಿನ ದೀಪಕ್ಕೆ ಮಾತ್ರ ತಡೆ.

6. ಡೇ-ನೈಟ್ ಗ್ಲಾಸ್ ಒಂದೇ ಸಾಲದೇ?

ಬಿಸಿಲಿಗೆ ಕಪ್ಪಾಗಿ ಒಳಗೆ ಬಂದರೆ ತಿಳಿಯಾಗುವ ಫೋಟೋಕ್ರೋಮಿಕ್ ಗ್ಲಾಸನ್ನು ಅಂಗಡಿಯಲ್ಲಿ ಡೇ-ನೈಟ್ ಎನ್ನುತ್ತಾರೆ. ಬೆಳಕಿನ ತೊಂದರೆ ಸಾಧಾರಣವಾಗಿರುವವರಿಗೆ ಅನುಕೂಲ. ತೀವ್ರವಾಗಿರುವವರಿಗೆ ಸಾಲದು. ಇದನ್ನು ಕಪ್ಪಾಗಿಸುವುದು ಅತಿನೇರಳೆ ಕಿರಣ. ಕಾರು, ಬಸ್ಸಿನ ಮುಂಗಾಜು ಅದನ್ನು ಬಹುಪಾಲು ತಡೆಯುವುದರಿಂದ ಒಳಗೆ ಕೂತಾಗ ಗ್ಲಾಸ್ ಸರಿಯಾಗಿ ಕಪ್ಪಾಗುವುದಿಲ್ಲ. ಚಳಿಯಲ್ಲಿ ಹೆಚ್ಚು ಕಪ್ಪಾಗುತ್ತದೆ, ತಿಳಿಯಾಗಲು ಹೆಚ್ಚು ಹೊತ್ತು ಬೇಕು. ಸೆಕೆಯಲ್ಲಿ ಅಷ್ಟು ಕಪ್ಪಾಗುವುದೇ ಇಲ್ಲ. ಅಂದರೆ ಡಿಸೆಂಬರಿನ ಬೆಳಗಿನ ಅಂಗಳದಿಂದ ಒಳಗೆ ಬಂದವರು ಕೆಲವು ನಿಮಿಷ ಕತ್ತಲಲ್ಲೇ ತಡಕಾಡಬೇಕು, ಏಪ್ರಿಲಿನ ನಡುಹಗಲಿನಲ್ಲಿ ಬೇಕಾದಷ್ಟು ನೆರಳು ಸಿಗುವುದಿಲ್ಲ.

7. ಗಾಡಿ ಓಡಿಸುವವರು ಇದನ್ನು ಬಿಡದೆ ಓದಿ

ಕಪ್ಪುಗಳು ಕೂಡುವುದಿಲ್ಲ, ಗುಣಿಸುತ್ತವೆ. ನಿಯಮದ ಪ್ರಕಾರ ಕಾರಿನ ಮುಂಗಾಜು ಕನಿಷ್ಠ ನೂರಕ್ಕೆ 70 ಬೆಳಕು ಬಿಡಬೇಕು. ಅದರ ಹಿಂದೆ 15ರ ಗ್ಲಾಸ್ ಹಾಕಿದರೆ ಉಳಿಯುವುದು ಹತ್ತೂವರೆ. ಹೆಲ್ಮೆಟ್ಟಿನ ಬಣ್ಣದ ವೈಸರ್ ಅರ್ಧ ತಡೆದರೆ, ಒಳಗಿನ 15ರ ಗ್ಲಾಸ್ ಸೇರಿ ಏಳೂವರೆ. ದರ್ಜೆ 4ಕ್ಕೆ ಇಳಿದಂತಾಯಿತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಿಸಿಲು, ಮರದ ದಟ್ಟ ನೆರಳು ಕ್ಷಣಕ್ಕೊಂದು ಬಾರಿ ಬದಲಾಗುತ್ತವೆ. ಅಲ್ಲಿ ದರ್ಜೆ 2ರ ಕಂದು ಗ್ಲಾಸಿಗಿಂತ ಮುಂದೆ ಹೋಗಬೇಡಿ. ಮಂಜು ಇಳಿದರೆ ತೆಗೆದಿಡಿ.

ನೂರಕ್ಕೆ 75ಕ್ಕಿಂತ ಕಡಿಮೆ ಬೆಳಕು ಬಿಡುವ ಯಾವ ಗ್ಲಾಸೂ ರಾತ್ರಿಯ ಚಾಲನೆಗೆ ಸಲ್ಲ. ಅಂದರೆ ನಿಮ್ಮ ಒಳಗಿನ ಗುಲಾಬಿಯೂ ಬೇಡ. “ನೈಟ್ ವಿಷನ್” ಎಂದು ಮಾರುವ ಹಳದಿ ಗ್ಲಾಸ್ ಎದುರಿನ ಹೆಡ್‌ಲೈಟಿಗೆ ಮದ್ದೆಂದು ಕೊಳ್ಳುವವರಿದ್ದಾರೆ. 2019ರಲ್ಲಿ ಪ್ರಕಟವಾದ ಚಾಲನಾ ಪ್ರಯೋಗದಲ್ಲಿ ಅದು ಪಾದಚಾರಿಗಳನ್ನು ಗುರುತಿಸಲು ಯಾವ ಸಹಾಯವನ್ನೂ ಮಾಡಲಿಲ್ಲ. ರಾತ್ರಿಗೆ ಬೇಕಾದದ್ದು ಸರಿಯಾದ ಪವರ್, ಪ್ರತಿಫಲನ ತಡೆಯುವ ಕೋಟಿಂಗ್, ಒಳಗೂ ಹೊರಗೂ ಒರೆಸಿದ ಮುಂಗಾಜು. ಇಷ್ಟಾದರೂ ಹೆಡ್‌ಲೈಟ್ ಸುತ್ತ ಬೆಳಕು ಹರಡಿದಂತೆ ಕಂಡರೆ ಪೊರೆ ಇದೆಯೇ ಎಂದು ತೋರಿಸಿ.

ಗಾಡಿಯಷ್ಟೇ ಅಲ್ಲ. ಅಡಿಕೆ ತೋಟದ ಒಳಗೆ, ಹಾಳೆ ಸೋಗೆ ಬಿದ್ದ ನೆಲದ ಮೇಲೆ ದರ್ಜೆ 3ರ ಗ್ಲಾಸಿನಲ್ಲಿ ನಡೆದರೆ ಹಾವು ಕಾಣುವುದಿಲ್ಲ. ತೋಟದ ಬೇಲಿ ದಾಟುವಾಗ ತೆಗೆದು ಜೇಬಿಗೆ ಹಾಕುವುದು ರೂಢಿಯಾಗಲಿ.

8. ಅಂಗಡಿಯಲ್ಲಿ

ಕನ್ನಡಕದ ಅಂಗಡಿಯ ದೀಪಗಳು ಫ್ರೇಮ್ ಹೊಳೆಯಲೆಂದು ಹಾಕಿದವು. ಅಲ್ಲಿನ ಕನ್ನಡಿಯ ಮುಂದೆ ನಿಂತು ಬಣ್ಣ ಆರಿಸಬೇಡಿ. ಟಿಂಟ್ ಮಾದರಿಗಳ ಪಟ್ಟಿ ಇರುತ್ತದೆ, ಬಣ್ಣ ಹಚ್ಚಿದ ಗ್ಲಾಸ್ ತುಂಡುಗಳು ಸಾಲಾಗಿ ಪೋಣಿಸಿದ್ದು. ಅದನ್ನು ಕೇಳಿ ತೆಗೆದುಕೊಂಡು ಬಾಗಿಲಾಚೆ ಹೋಗಿ ರಸ್ತೆ ನೋಡಿ, ಮುಖ ಎತ್ತಿ ಮೋಡ ನೋಡಿ, ಸಿಗ್ನಲ್ಲಿನ ಕೆಂಪು, ಹಸಿರು ಸ್ಪಷ್ಟವಿವೆಯೇ ನೋಡಿ. ಒಳಗಿನ ಬಣ್ಣಕ್ಕಾದರೆ ಅಂಗಡಿಯ ಹಿಂಬದಿಯ, ಒಂದೇ ಟ್ಯೂಬ್ ಇರುವ ಮೂಲೆಗೆ ಹೋಗಿ ಕಾಲು ಗಂಟೆ ಏನಾದರೂ ಓದಿ. ಹಾಕಿದ ಕೂಡಲೇ ಆಗುವ ಹಿತಕ್ಕೆ ಬೆಲೆ ಕೊಡಬೇಡಿ. ತೆಗೆದಾಗ ಬೆಳಕು ಮೊದಲಿಗಿಂತ ಹೆಚ್ಚು ಚುಚ್ಚಿದರೆ ಆ ಮಾದರಿ ನಿಮಗೆ ಕಪ್ಪಾಯಿತು.

ಪವರ್ ಇರುವವರು ಎರಡು ಜೋಡಿಗೂ ಪವರ್ ಹಾಕಿಸಿ. ಹಣ ಒಂದಕ್ಕೇ ಆಗುತ್ತದೆಂದರೆ ಒಳಗಿನದನ್ನು ಪವರ್ ಸಮೇತ ಮಾಡಿಸಿ, ಹೊರಗೆ ಅದರ ಮೇಲೆ ಹೊರಕವಚದ ಕನ್ನಡಕ ಹಾಕಿ. ಆದರೆ ಮೇಲೆ ಹೇಳಿದ ಗುಣಾಕಾರ ಇಲ್ಲಿಯೂ ಇದೆ: ಒಳಗಿನದು 60, ಕವಚ 25 ಬಿಟ್ಟರೆ ಕಣ್ಣಿಗೆ ಬರುವುದು 15.

ಬಿಲ್ಲಿನಲ್ಲಿ ಇವಿಷ್ಟು ಇರಲಿ: ಗ್ಲಾಸಿನ ಬಗೆ, ಯುವಿ 400, ಬಣ್ಣ, ನೂರಕ್ಕೆ ಎಷ್ಟು ಬೆಳಕು ಬಿಡುತ್ತದೆ, ಯಾವ ಕೋಟಿಂಗ್. ಯುವಿ ಅಳೆಯುವ ಸಣ್ಣ ಯಂತ್ರ ಹಲವು ಅಂಗಡಿಗಳಲ್ಲಿರುತ್ತದೆ. ಕನ್ನಡಕ ಕೈಗೆ ಬಂದ ದಿನ ಅದರಲ್ಲಿಟ್ಟು ತೋರಿಸಲು ಹೇಳಿ.

9. ಈಗಾಗಲೇ ಒಳಗೂ ಕಪ್ಪು ಹಾಕುತ್ತಿರುವವರು

ಒಮ್ಮೆಲೇ ಕಿತ್ತು ಬಿಸಾಡಬೇಡಿ, ಎರಡು ದಿನದಲ್ಲಿ ಸೋತು ಮತ್ತೆ ಹಾಕಿಕೊಳ್ಳುತ್ತೀರಿ. ಮೊದಲು ಅತಿ ಕಡಿಮೆ ಬೆಳಕಿನ ಕೋಣೆಯಲ್ಲಿ, ದಿನದ ಹಿತವಾದ ಹೊತ್ತಿನಲ್ಲಿ ಸ್ವಲ್ಪ ಕಾಲ ತೆಗೆದಿಡಿ. ಕೆಲವು ದಿನಕ್ಕೊಮ್ಮೆ ಆ ಅವಧಿ ಹೆಚ್ಚಿಸಿ. ಜೊತೆಗೆ ಕಪ್ಪಿನ ಬದಲು ತಿಳಿ ಗುಲಾಬಿಗೆ ಬನ್ನಿ. ವಾರಗಳು ಹಿಡಿಯುತ್ತವೆ. ಮೈಗ್ರೇನ್ ಏರಿದ ದಿನ ವಿನಾಯಿತಿ ತೆಗೆದುಕೊಳ್ಳಿ, ಮಾರನೆಯ ದಿನ ಮರಳಿ ಕ್ರಮಕ್ಕೆ ಬನ್ನಿ. ಇಷ್ಟು ಮಾಡಿದರೂ ಇಳಿಯದಿದ್ದರೆ ಮೊದಲನೆಯ ಹಂತಕ್ಕೆ, ಅಂದರೆ ವೈದ್ಯರ ಬಳಿಗೆ ಹಿಂದಿರುಗಿ.

ಕೊನೆಯದಾಗಿ ಮಳೆಗಾಲದ ಮಾತು. ಒದ್ದೆ ಕನ್ನಡಕವನ್ನು ಡಬ್ಬಿಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿದು ಕೋಟಿಂಗ್ ಹಾಳಾಗುತ್ತದೆ. ಪಂಚೆಯ ತುದಿಯಿಂದ, ಸೆರಗಿನಿಂದ ಒರೆಸಬೇಡಿ. ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಆಮೇಲೆ ಮೆತ್ತನೆ ಬಟ್ಟೆ. ಬಚ್ಚಲ ಒಲೆಯ ಬಳಿ ಒಣಗಲು ಇಡುವುದು, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟುಹೋಗುವುದು ಎರಡೂ ತಪ್ಪು; ಕಾವಿಗೆ ಕೋಟಿಂಗ್ ಬಿರಿಯುತ್ತದೆ. ಅದ್ದಿದ ಬಣ್ಣ ಕಾಲ ಕಳೆದಂತೆ ಮಾಸುತ್ತದೆ, ಡೇ-ನೈಟ್ ಗ್ಲಾಸಿನ ಕಪ್ಪಾಗುವ ಶಕ್ತಿಯೂ ಕೆಲವು ವರ್ಷಗಳಲ್ಲಿ ಕುಂದುತ್ತದೆ. ಮುಂದಿನ ಬಾರಿ ಪವರ್ ಪರೀಕ್ಷೆಗೆ ಬರುವಾಗ ಹಳೆಯ ಎರಡೂ ಜೋಡಿ ಮತ್ತು ಬಿಲ್ ತನ್ನಿ. ಅಂದು ಬರೆಸಿದ ಸಂಖ್ಯೆಯ ಪಕ್ಕದಲ್ಲಿ ಇಂದಿನ ಅಳತೆ ಬರೆದರೆ ಬದಲಿಸಬೇಕೋ ಬೇಡವೋ ಅಲ್ಲೇ ತಿಳಿಯುತ್ತದೆ.